ಮೂರು ಬೆರಳಿನ ಕೈ, ಬೆಲ್ಲದ ಬೇರು

ಕೆಂದೊರೆಯ ಮನೆಗಳನ್ನು ಮುಳುಗಿಸಿದ್ದು ಹಗೆಗಳಲ್ಲ, ರಾಜ್ಯದ ಕಾವಲೇ. ಹಾಗೆ ಮುಳುಗಲೆಂದು ಹೂಡಿದವನು ಅರಮನೆಯಲ್ಲಿ ಕೂತು ಹೊಟ್ಟೆ ತುಂಬ ಉಣ್ಣುತ್ತಿದ್ದ. ಇದನ್ನು ಮೊದಲೇ ಹೇಳಿಬಿಡಬೇಕು. ಕತೆ ಆಮೇಲೆ.

ಯಾರ ನೆನಪಿಗೂ ಸಿಗದಷ್ಟು ಹಿಂದೆ, ಕೆಂದೊರೆ ಎಂಬ ಕೆಂಪು ಹೊಳೆಯ ಮೇಲೆ ಒಂದು ರಾಜ್ಯ ತೇಲುತ್ತಿತ್ತು. ಮನೆಗಳೆಲ್ಲ ತಟ್ಟೆಯಂತೆ ದುಂಡಗೆ, ಒಳಗೊಂದು ಕಬ್ಬಿಣದ ಒಲೆ. ಕಾವಲಿಗೆ ಕಂಚಿನ ಕಡಜಗಳಿದ್ದವು. ಕೆಸರಿನಿಂದ ಕೊಳೆಭೂತ ಎದ್ದರೆ ಸಾಕು, ಕಡಜಗಳು ಅದರ ಮೈಮೇಲೆ ಒಂದರ ಪಕ್ಕ ಒಂದು ಕೂತು ಬಳೆ ಕಟ್ಟುತ್ತಿದ್ದವು. ಬಳೆ ಕೂಡಿಕೊಂಡರೆ ನಡುವೆ ತೂತು. ಭೂತ ಒಡೆದು ನೀರಾಗುತ್ತಿತ್ತು.

ಆದರೆ ಕಡಜಗಳಿಗೆ ಕಣ್ಣಿಲ್ಲ. ಭೂತದ ಮೈಯೂ ಒಂದೇ, ನಮ್ಮ ಗೋಡೆಯೂ ಒಂದೇ. ಅದಕ್ಕೇ ಪ್ರತಿ ಗೋಡೆಗೂ ಮೂರು ಬೆರಳಿನ ತಾಮ್ರದ ಕೈ ಇರುತ್ತಿತ್ತು. ಕಡಜಗಳು ಬಳೆ ಕಟ್ಟತೊಡಗಿದರೆ ಅದು ಸರಿದು ಬಂದು ನಡುವೆ ಬೆರಳು ತೂರಿಸುತ್ತಿತ್ತು. ಬಳೆ ಕೂಡುತ್ತಿರಲಿಲ್ಲ.

ಒಂದು ವರ್ಷ, ಹೊಸದಾಗಿ ಮಾಡಿದ ಕೈಗಳು ಉದುರತೊಡಗಿದವು. ಮನೆಗಳು ತೂತಾಗಿ ಮುಳುಗಿದವು. ಬೆಳಗಾದರೆ ಹೊಳೆ ಮುಳುಗಿದ ಒಲೆಗಳ ಮಸಿ ಬೆರೆತು ಕಪ್ಪು ಕಷಾಯದಂತೆ ಹರಿಯುತ್ತಿತ್ತು.

ದೋಣಿ ನಡೆಸುವ ಬೊಮ್ಮಿಯ ಮನೆಯ ಕೈಯೂ ಬಿತ್ತು. ಒಳಗೆ ಅವಳ ಅಕ್ಕ ಮಾಳವ್ವ ತುಂಬು ಬಸುರಿ.

ಮೊದಲು ಊರವರು ಕೈಗಳಿಗೆ ಮೊಳೆ ಹೊಡೆದರು. ಕಡಜಗಳು ಬಲಗಡೆ ಕೂತವು, ಮೊಳೆ ಹೊಡೆದ ಕೈ ಎಡಗಡೆ ಅಲುಗಾಡದೆ ನಿಂತಿತು. ಏಳು ಮನೆ ಹೋದವು.

ಆಮೇಲೆ ಬೊಮ್ಮಿ ರಾಜನ ಬಾಗಿಲಲ್ಲಿ ಕೂಗಿ ಕೂಗಿ ಕಡಜಗಳನ್ನು ಪಂಜರಕ್ಕೆ ಹಾಕಿಸಿದಳು. ಮೂರೇ ದಿನ. ಕೊಳೆಭೂತಗಳು ಏರಿ ಬಂದು ಕೇರಿಗೆ ಕೇರಿಯೇ ಜ್ವರದಲ್ಲಿ ಮಲಗಿತು. ಪಂಜರ ತೆರೆಯಲೇಬೇಕಾಯಿತು.

ಬೊಮ್ಮಿ ಮುಳುಗಿದ ಮನೆಗಳ ಜಾಡು ಹಿಡಿದು ಹೊಳೆಯ ಇಳಿಜಾರಿಗೆ ದೋಣಿ ಬಿಟ್ಟಳು. ಅಲ್ಲಿ ಆಸ್ಥಾನದ ಮಾಂತ್ರಿಕ ಉರಿಗಣ್ಣ ಬಲೆ ಬೀಸಿ, ಮುಳುಗಿದ ಮನೆಗಳ ಒಲೆಗಳನ್ನು ಕಬ್ಬಿಣದಾಸೆಗೆ ಎಳೆದು ತನ್ನ ದೋಣಿಗೆ ತುಂಬುತ್ತಿದ್ದ.

"ಏನೇ ಹುಡುಗಿ, ನಿನ್ನಕ್ಕ ಹೆತ್ತಳೋ, ಮುಳುಗಿದಳೋ?"

ಬೊಮ್ಮಿ ಅವನ ಮೋರೆ ನೋಡಲಿಲ್ಲ, ದೋಣಿ ನೋಡಿದಳು. ಅದರ ಮೈಮೇಲೆ ತಾಮ್ರದ ಕೈ ಆರಾಮವಾಗಿ ಜಾರಾಡುತ್ತಿತ್ತು. ಮೊಳೆಯಿಲ್ಲ.

"ನಿಮ್ಮದು ಉದುರಿಲ್ಲವಲ್ಲ ಸ್ವಾಮಿ?"

"ಬೇರಿರೋ ಕೈ ಯಾಕೆ ಉದುರುತ್ತೆ?" ಎಂದವನೇ ಉರಿಗಣ್ಣ ನಾಲಿಗೆ ಕಚ್ಚಿಕೊಂಡ.

ಅಷ್ಟು ಸಾಕಾಯಿತು. ಮೂರನೆಯದಾಗಿ ಬೊಮ್ಮಿ ಎಲುಬುಗುಡ್ಡ ಹತ್ತಿದಳು. ರಾಜ್ಯದ ಮನೆಗಳು, ಕೈಗಳು ಎಲ್ಲ ಹುಟ್ಟುವುದು ಅಲ್ಲೇ, ಗೂಡಜ್ಜಿಯ ಕುಲುಮೆಯಲ್ಲಿ.

"ಅಜ್ಜಿ, ಕೈಗೆ ಬೇರು ಯಾಕೆ ಇಡ್ತಿಲ್ಲ?"

"ಬೇರು ಕೂರಲ್ಲ ಮಗಾ. ಬೇರು ಮೂಡೋ ಮೇಣದೆಣ್ಣೆಗೆ ಮೊದಲು ಒಂದು ಸೌಟು ಬೆಲ್ಲದ ಪಾಕ ಬೀಳಬೇಕು. ಆಮೇಲೇ ಮಿಕ್ಕಿದ್ದು. ಆ ಸೌಟನ್ನು ಉರಿಗಣ್ಣ ಒಯ್ದ. ಮೇಣಕ್ಯಾಕೆ ಬೆಲ್ಲ, ದಂಡ ಅಂದ. ಸೌಟಿಲ್ಲದೆ ಪಾಕ ಹಾಕೋದು ನಮ್ಮ ಪದ್ಧತಿಯಲ್ಲಿಲ್ಲ."

"ಒಂದು ಸೌಟಿಗೋಸ್ಕರ ಇಷ್ಟು ಮನೆ ಮುಳುಗಿಸಿದಿರಾ? ಬೊಗಸೆ ಇಲ್ಲವೇನಜ್ಜಿ ನಿಮಗೆ?"

ಅಜ್ಜಿ ತನ್ನ ಅಂಗೈಗಳನ್ನೇ ಹೊಸದಾಗಿ ಕಂಡಂತೆ ನೋಡಿದಳು. ಬೊಮ್ಮಿ ಕಾಯಲಿಲ್ಲ. ಬಿಸಿ ಪಾಕವನ್ನು ಬೊಗಸೆಯಲ್ಲಿ ಎತ್ತಿ ಎಣ್ಣೆಗೆ ಸುರಿದಳು. ಅಂಗೈಯಲ್ಲಿ ಬೊಬ್ಬೆ ಎದ್ದವು. ಬೇರು ಮೂಡಿತು, ಅಂಟಂಟಾಗಿ, ಚಿನ್ನದ ಬಣ್ಣದಲ್ಲಿ. ಅಜ್ಜಿ ಅದನ್ನು ಒಂದು ತಾಮ್ರದ ಕೈಗೆ ಕೂರಿಸಿ ಕೊಟ್ಟಳು.

ಅವಳು ಮರಳುವಾಗ ಮನೆಯ ಗೋಡೆಯ ಮೇಲೆ ಕಡಜಗಳು ಬಳೆ ಕಟ್ಟಿದ್ದವು. ಒಂದೇ ಒಂದರ ಜಾಗ ಬಾಕಿ.

"ಬೊಮ್ಮೀ, ಗೋಡೆ ಜಿನುಗ್ತಿದೆ ಕಣೇ!" ಒಳಗಿಂದ ಅಕ್ಕ ಕೂಗಿದಳು.

ಬೊಮ್ಮಿ ಗೋಡೆಯ ಈ ಕೊನೆಗೆ ತಾಮ್ರದ ಕೈಯನ್ನು ಒತ್ತಿದಳು. ಬೇರು ಗೋಡೆಗೆ ಇಳಿಯಿತು. ಕೈ ಸರ್ರನೆ ಜಾರಿ ಹೋಗಿ, ಬಾಕಿಯಿದ್ದ ಜಾಗಕ್ಕೆ ಮೂರು ಬೆರಳನ್ನೂ ತೂರಿಸಿತು. ಕೊನೆಯ ಕಡಜ ಬಂತು, ಸುತ್ತಿತು, ಜಾಗ ಸಿಗದೆ ಗುಂಯ್ಗುಟ್ಟುತ್ತ ಹಾರಿಹೋಯಿತು. ಅದರ ಹಿಂದೆ ಉಳಿದವೂ ಎದ್ದವು. ಆ ದಿನವೇ ಮಾಳವ್ವ ಹೆಣ್ಣು ಹೆತ್ತಳು.

ಊರಿಗೆ ಊರೇ ಎಲುಬುಗುಡ್ಡಕ್ಕೆ ನಡೆಯಿತು, ಬೊಗಸೆ ಹಿಡಿದು. ಉರಿಗಣ್ಣ ಓಡಿಹೋಗಲು ದೋಣಿ ಹತ್ತಿದ. ದೋಣಿಯನ್ನು ಯಾರೂ ತೂತು ಮಾಡಬೇಕಾಗಲಿಲ್ಲ. ಕದ್ದ ಒಲೆಗಳ ಭಾರಕ್ಕೇ ಅದು ಮುಳುಗಿತು. ಜನ ಅವನನ್ನು ಕೂದಲು ಹಿಡಿದು ಮೇಲೆತ್ತಿದರು, ಸೊಂಟದಲ್ಲಿದ್ದ ಸೌಟು ಕಿತ್ತುಕೊಂಡರು. ಇವತ್ತಿಗೂ ಅವನು ಅಜ್ಜಿಯ ಕುಲುಮೆಯಲ್ಲಿ ಪಾಕ ತಿರುವುತ್ತಿದ್ದಾನೆ. ಹೊಳೆ ಮತ್ತೆ ಕೆಂಪಾಯಿತು, ಮನೆಗಳು ನೆಮ್ಮದಿಯಾಗಿ ತೇಲಿದವು.

ಓದಿದವರೇ, ಈಗ ಏಳಿ. ನಿಮ್ಮ ಗೋಡೆಯ ಕೈಯನ್ನು ತಳ್ಳಿ ನೋಡಿ. ಜಾರಿದರೆ ಪಕ್ಕದ ಮನೆಯದನ್ನೂ ನೋಡಿ. ಕಳಚಿ ಬಂದರೆ ಅಳುತ್ತ ಕೂರಬೇಡಿ, ಮೊಳೆ ಹುಡುಕಬೇಡಿ. ಸೌಟು ಯಾರ ಸೊಂಟದಲ್ಲಿದೆ ಎಂದು ಹೋಗಿ ಕೇಳಿ.