ಬಾಟಲಿ ಹಸಿರು ಶರ್ಟು

“ಏನಮ್ಮಾ, ಈ ಬಕೆಟ್ಟಿಗೆ ಮುಚ್ಚಳ ಎಲ್ಲಿಟ್ಟಿದ್ದೀರಾ?”

ಅಜ್ಜಿಯೊಬ್ಬರು ಕೆಂಪು ಬಕೆಟ್ ಎತ್ತಿ ಹಿಡಿದು ಕೇಳುತ್ತಿದ್ದರು. ಕೇಳುತ್ತಿದ್ದದ್ದು ಬೇರೆ ಯಾರನ್ನೂ ಅಲ್ಲ, ಬಟಾಣಿಯ ಅಕ್ಕನನ್ನು!

ಅಕ್ಕನ ಹಿಂದೆಯೇ ನುಸುಳಿ ಬಂದು ಕೊಡೆಗಳ ಸ್ಟ್ಯಾಂಡಿನ ಹಿಂದೆ ಅಡಗಿ ನಿಂತಿದ್ದ ಬಟಾಣಿ ಕತ್ತು ಚಾಚಿದಳು. ಅಕ್ಕ ಈ ಅಂಗಡಿಯೊಳಗೆ ಈಗಷ್ಟೇ ಕಾಲಿಟ್ಟಿದ್ದಳು. ಅವಳು ಇಲ್ಲಿ ಕೆಲಸ ಮಾಡುವವಳಲ್ಲ. ಕೆಲಸ ಇದೆಯಾ ಎಂದು ಕೇಳಲು ಬಂದವಳು.

‘ನಾನು ಇಲ್ಲಿಯವಳಲ್ಲ ಅಜ್ಜೀ ಅಂತ ಹೇಳು, ಹೇಳು!’ ಬಟಾಣಿ ಮನಸ್ಸಿನಲ್ಲೇ ಕೂಗಿದಳು.

ಅಕ್ಕ ಬಾಯಿ ತೆರೆದಳು. ಮುಚ್ಚಿದಳು. ಮುಖ ಕೆಂಪಗಾಯಿತು. ಅತ್ತ ಇತ್ತ ನೋಡಿದಳು. ಮೇಲಿನ ಸಾಲಿನಲ್ಲಿ ಮುಚ್ಚಳಗಳು ಕಾಣಿಸಿದವು. ಒಂದನ್ನು ತೆಗೆದು ಅಜ್ಜಿಯ ಕೈಗೆ ಕೊಟ್ಟಳು.

“ಇದು ಸರಿಯಾಗಿ ಕೂರುತ್ತಾ? ಕೂರಿಸಿ ತೋರಿಸು ನೋಡೋಣ.”

ಅಕ್ಕ ಕೂರಿಸಿ ತೋರಿಸಿದಳು.

ಇಷ್ಟಕ್ಕೆಲ್ಲ ಕಾರಣ ಅವಳು ಹಾಕಿಕೊಂಡಿದ್ದ ಶರ್ಟು. ಆ ಶರ್ಟು ಬಟಾಣಿಯ ಐಡಿಯಾ.

ಗುಂಡು ಕೆನ್ನೆಯ ತಂಗಿಯನ್ನು ಬಟಾಣಿ ಎಂದು ಮೊದಲು ಕರೆದವಳೇ ಅಕ್ಕ. ಮನೆಯಲ್ಲಿ ಹೀಗೆ ಎಲ್ಲರಿಗೂ ಹೆಸರಿಡುವ, ಎಲ್ಲರನ್ನೂ ನಗಿಸುವ ಅಕ್ಕನಿಗೆ ಹೊಸಬರ ಮುಂದೆ ಮಾತ್ರ ಮಾತೇ ಹೊರಡುತ್ತಿರಲಿಲ್ಲ. ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟವಳು ಅಮ್ಮನ ಹೊಲಿಗೆ ಮಿಷನ್ನಿನ ಪಕ್ಕ ಕೂತು ಗುಂಡಿ ಹಾಕುತ್ತಿದ್ದಳು. ಹೋದ ತಿಂಗಳು ಅವಳಿಗೆ ಹದಿನೆಂಟು ತುಂಬಿತ್ತು.

“ಮನೇಲಿ ಕೂತು ಏನು ಮಾಡ್ತಾಳೆ? ನಮ್ಮೂರಿಗೆ ಕಳಿಸಿ. ನನ್ನ ಮೊಮ್ಮಕ್ಕಳನ್ನ ನೋಡ್ಕೊಂಡು ಇರ್ಲಿ,” ಎಂದು ಅತ್ತೆ ಫೋನಿನಲ್ಲಿ ಹೇಳಿದ್ದರು. ಭಾನುವಾರ ಬಂದು ಕರೆದುಕೊಂಡು ಹೋಗುತ್ತಾರಂತೆ. ಅತ್ತೆಯ ಊರಿಗೆ ರೈಲಿನಲ್ಲಿ ಹೋದರೆ ಒಂದಿಡೀ ದಿನದ ದಾರಿ.

ಅದನ್ನು ಕೇಳಿದ ದಿನ ಬಟಾಣಿಗೆ ಅನ್ನ ಇಳಿಯಲಿಲ್ಲ. ಅಕ್ಕನೂ ತಟ್ಟೆಯಲ್ಲಿ ಬರೀ ಗೆರೆ ಎಳೆಯುತ್ತ ಕೂತಿದ್ದಳು.

“ಇಲ್ಲೇ ಒಂದು ಕೆಲಸ ಸಿಕ್ಕರೆ ಹೋಗೋದು ಬೇಡ,” ಎಂದಿದ್ದರು ಅಪ್ಪ. “ಆದ್ರೆ ನೀನೇ ಹೋಗಿ ಕೇಳ್ಬೇಕು ಮಗಳೇ. ನಿನ್ನ ಪರವಾಗಿ ನಾನು ಕೇಳಿದ್ರೆ ಯಾರು ಕೊಡ್ತಾರೆ?”

ತಿರುವಿನಲ್ಲಿದ್ದ ಪಾತ್ರೆ ಪಗಡದ ದೊಡ್ಡ ಅಂಗಡಿಯ ಗಾಜಿಗೆ ಕಾಗದವೊಂದನ್ನು ಅಂಟಿಸಿದ್ದರು: ‘ಕೆಲಸಕ್ಕೆ ಬೇಕಾಗಿದ್ದಾರೆ. ಒಳಗೆ ಬಂದು ವಿಚಾರಿಸಿ.’ ಅಕ್ಕ ಅದರ ಬಾಗಿಲವರೆಗೆ ಹೋಗಿ ವಾಪಸ್ ಬಂದಿದ್ದಳು. ಒಂದು ಸಲ ಅಲ್ಲ, ಎಷ್ಟೋ ಸಲ.

“ಏನು ಹಾಕ್ಕೊಂಡು ಹೋಗ್ಬೇಕೋ ಗೊತ್ತಾಗ್ತಿಲ್ಲ. ಅದಕ್ಕೇ,” ಎಂದಳು ಅಕ್ಕ.

ಹಾಗಾಗಿ ನಿನ್ನೆ ಸಂಜೆ ಮನೆಯ ಬಟ್ಟೆಯೆಲ್ಲ ಮಂಚದ ಮೇಲೆ ಬಂದು ಬಿದ್ದಿತ್ತು.

“ಒಗೆದಿರ್ಬೇಕು, ಇಸ್ತ್ರಿ ಮಾಡಿರ್ಬೇಕು, ಗುಂಡಿಯೆಲ್ಲ ಇರ್ಬೇಕು. ತಲೆ ಬಾಚಿ ಕಟ್ಟಿಕೋ. ಶೂ ಹಾಕ್ಕೋ, ಚಪ್ಪಲಿ ಬೇಡ. ಇಷ್ಟಾದ್ರೆ ಸಾಕು,” ಎಂದರು ಅಮ್ಮ.

ಅಕ್ಕ ತನ್ನ ತಿಳಿನೀಲಿ ಟಾಪನ್ನು ಎತ್ತಿಕೊಂಡಳು. “ಹಾಗಾದ್ರೆ ಇದು?”

“ಛೀ! ಅದು ಮನೇಲಿ ಹಾಕೋದು!” ಬಟಾಣಿ ಅದನ್ನು ಕಿತ್ತುಕೊಂಡು ಎಸೆದಳು. “ನಾನು ಸ್ಕೂಲಿಂದ ಬರ್ತಾ ಗಾಜಿಗೆ ಮೂಗು ಒತ್ತಿ ನೋಡ್ಕೊಂಡು ಬಂದಿದ್ದೀನಿ. ಅಲ್ಲಿರೋರೆಲ್ಲ ಬಾಟಲಿ ಹಸಿರು ಶರ್ಟು, ಕಪ್ಪು ಪ್ಯಾಂಟು. ಅಕ್ಕನೂ ಅದನ್ನೇ ಹಾಕ್ಕೊಂಡು ಹೋಗ್ಲಿ. ನೋಡಿದ ತಕ್ಷಣ ‘ಅರೆ, ಇವಳು ನಮ್ಮವಳೇ’ ಅನ್ಸತ್ತೆ ಅವರಿಗೆ. ಆಮೇಲೆ ಜಾಸ್ತಿ ಮಾತಾಡೋದೇ ಬೇಡ!”

ಜಾಸ್ತಿ ಮಾತಾಡೋದೇ ಬೇಡ ಎಂದಾಗ ಅಕ್ಕನ ಕಣ್ಣುಗಳು ಅರಳಿದವು.

ಅಪ್ಪನ ಹತ್ತಿರ ಅಂಥದ್ದೇ ಬಣ್ಣದ ಶರ್ಟು ಇತ್ತು. ಅಪ್ಪ ಬಸ್ ಡ್ರೈವರ್. ಅದನ್ನು ಹಾಕಿಕೊಂಡು ಹೋದ ದಿನ ಕಂಡಕ್ಟರು, “ಬಾಟಲಿಗೆ ಕೈಕಾಲು ಬಂದಿದೆಯಲ್ಲೋ!” ಎಂದು ಡಿಪೋದವರೆಲ್ಲ ಕೇಳುವಂತೆ ನಕ್ಕಿದ್ದರಂತೆ. ಅಂದಿನಿಂದ ಶರ್ಟು ಪೆಟ್ಟಿಗೆ ಸೇರಿತ್ತು. ಅಮ್ಮ ಅದರ ಎರಡೂ ಬದಿ ಒಳಗೆ ಹಿಡಿದು, ಬಿಳಿ ದಾರದಲ್ಲಿ ದೊಡ್ಡ ದೊಡ್ಡ ಹೊಲಿಗೆ ಹಾಕಿ ಅಕ್ಕನ ಅಳತೆಗೆ ತಂದರು.

ಈಗ ನೋಡಿದರೆ, ಅಜ್ಜಿ ಕ್ಯಾಶ್ ಕೌಂಟರಿನ ಕಡೆ ಹೋದ ಮೇಲೆ ಮೀಸೆಯವರೊಬ್ಬರು ಬಂದರು. “ದೊಡ್ಡ ಡಬ್ಬ ಇದ್ಯೇನಮ್ಮ?” ಅಕ್ಕ ಕೈ ತೋರಿಸಿದಳು. ಅವರ ಹಿಂದೆಯೇ ಒಬ್ಬ ಹುಡುಗ. “ಅಕ್ಕಾ, ಆ ನೀಲಿ ಮಗ್ಗು ಎತ್ಕೊಡಿ.” ಅಕ್ಕ ಎತ್ತಿಕೊಟ್ಟಳು.

ಬಟಾಣಿಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

ಅಷ್ಟರಲ್ಲಿ ಝಣ್ ಝಣ್ ಸದ್ದು ಕೇಳಿಸಿತು. ಕುತ್ತಿಗೆಗೆ ಕೀಗೊಂಚಲು ತೂಗುಹಾಕಿಕೊಂಡ, ದಪ್ಪ ಕನ್ನಡಕದ ಸೂಪರ್‌ವೈಸರ್ ಮೇಡಂ ದಡದಡ ಬಂದರು. ಅವರ ಒಂದು ಕಣ್ಣು ಫೋನಿನ ಮೇಲಿತ್ತು, ಇನ್ನೊಂದು ಕ್ಯಾಶ್ ಕೌಂಟರಿನ ಕ್ಯೂ ಮೇಲೆ.

“ನಿನ್ನ ಬ್ಯಾಡ್ಜ್ ಎಲ್ಲಿ? ಹೊಸಬಳಾ? ಹೊಸಬರನ್ನೆಲ್ಲ ನನ್ನ ತಲೆಗೇ ಕಟ್ತಾರೆ! ಲಾರಿ ಬಂದಿದೆ. ಒಳಗೆ ಹೋಗಿ ಗಾಜಿನ ಸಾಮಾನು ಬಿಚ್ಚು.”

“ನಾನು… ನಾನು…” ಎಂದಳು ಅಕ್ಕ.

“ನಾನು ನೀನು ಎಲ್ಲ ಆಮೇಲೆ. ನಡಿ, ನಡಿ! ಹುಷಾರು, ಒಡೆದು ಗಿಡೆದು ಬಿಟ್ಟೀಯಾ!”

ಮೇಡಂ ಅಕ್ಕನ ಬೆನ್ನಿಗೆ ಕೈ ಕೊಟ್ಟು ‘ಸಿಬ್ಬಂದಿಗೆ ಮಾತ್ರ’ ಎಂದು ಬರೆದ ಬಾಗಿಲೊಳಗೆ ದಬ್ಬಿಯೇ ಬಿಟ್ಟರು. ಬಾಗಿಲು ಮುಚ್ಚಿಕೊಂಡಿತು.

ಬಟಾಣಿಯ ನಗು ಹಾರಿಹೋಯಿತು.

ಈಗ ಬರುತ್ತಾಳೆ, ಈಗ ಬರುತ್ತಾಳೆ ಎಂದು ಕಾದಳು. ಅಕ್ಕ ಬರಲಿಲ್ಲ. ಬಕೆಟ್ಟಿನ ಅಜ್ಜಿ ದುಡ್ಡು ಕೊಟ್ಟು ಹೊರಟೇ ಹೋದರು. ಕೊನೆಗೆ ಬಟಾಣಿ ಕೊಡೆಗಳ ಹಿಂದಿನಿಂದ ಹೊರಬಂದು ಆ ಬಾಗಿಲಿಗೆ ಕೈ ಹಾಕಿದಳು.

“ಏಯ್ ಪಾಪು! ಬೋರ್ಡ್ ಓದಕ್ಕೆ ಬರಲ್ವಾ?” ಕಾವಲುಗಾರರು ಅಡ್ಡ ಬಂದರು.

“ಒಳಗೆ ನಮ್ಮಕ್ಕ ಇದ್ದಾಳೆ.”

“ಡ್ಯೂಟಿ ಮುಗಿಸ್ಕೊಂಡು ಬರ್ತಾಳೆ, ಹೊರಗೆ ಕೂತ್ಕೋ.”

“ಅವಳಿಗೆ ಡ್ಯೂಟಿ ಇಲ್ಲ ಅಂಕಲ್! ಅವಳು ಇಲ್ಲಿ ಕೆಲಸಾನೇ ಮಾಡಲ್ಲ!”

ಕಾವಲುಗಾರರ ಮುಖ ಬದಲಾಯಿತು. “ಮೇಡಂ!” ಎಂದು ಅವರು ಕೂಗಿದ ಕೂಗಿಗೆ ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮೇಡಂ ಓಡಿಬಂದರು. ಬಾಗಿಲು ತೆರೆಯಿತು. ಅವರ ತೋಳಿನ ಕೆಳಗಿನಿಂದ ಬಟಾಣಿಯೂ ಒಳಗೆ ನುಗ್ಗಿದಳು.

ಅಕ್ಕ ರಟ್ಟಿನ ಪೆಟ್ಟಿಗೆಗಳ ನಡುವೆ ನೆಲದಲ್ಲಿ ಕೂತಿದ್ದಳು. ಕೈಯಲ್ಲಿ ಒಂದು ಗಾಜಿನ ಲೋಟ. ಸುತ್ತಲೂ ಹರಿದ ಪೇಪರು.

“ಯಾರು ನೀನು?” ಮೇಡಂ ಕೇಳಿದರು. “ನಮ್ಮ ಯೂನಿಫಾರ್ಮ್ ನಿನಗೆಲ್ಲಿ ಸಿಕ್ತು?”

ಅಕ್ಕನ ತುಟಿ ಅಲ್ಲಾಡಿತು. ಮಾತು ಬರಲಿಲ್ಲ.

“ಹೋದ ತಿಂಗಳು ಮಿಕ್ಸಿಗಳು ಮಾಯವಾದದ್ದು ಹೀಗೇ ಇರ್ಬೇಕು ಮೇಡಂ. ಏಯ್, ಚೀಲ ತೆಗಿ!” ಎಂದರು ಕಾವಲುಗಾರರು.

ಬಾಗಿಲಲ್ಲಿ ಇಣುಕುತ್ತಿದ್ದ ಯಾರೋ, “ಕಳ್ಳಿಯಂತೆ ಕಣ್ರೀ,” ಎಂದರು.

ಕಳ್ಳಿ! ಬಟಾಣಿಗೆ ಕೆನ್ನೆಗೆ ಹೊಡೆದಂತಾಯಿತು. ಅಕ್ಕನಿಗಾ? ತನ್ನ ಅಕ್ಕನಿಗಾ?

ಅಕ್ಕ ಚೀಲವನ್ನು ಬೋರಲು ಹಾಕಿದಳು. ಒಂದು ಕರ್ಚೀಫು, ಒಂದು ಬಾಚಣಿಗೆ ಬಿದ್ದವು. ಗುಂಡಿ ಕಿತ್ತುಬಂದರೆ ಇರಲಿ ಎಂದು ಅಮ್ಮ ಕೊಟ್ಟಿದ್ದ ಸೂಜಿದಾರವೂ ಬಿತ್ತು. ಅಷ್ಟೇ. ಅವಳು ಬಾಚಣಿಗೆಯನ್ನು ಹೆಕ್ಕಿಕೊಳ್ಳಲೂ ಹೋಗಲಿಲ್ಲ.

“ಅದು ನಮ್ಮಪ್ಪನ ಶರ್ಟು!” ಬಟಾಣಿ ಕಿರುಚಿದಳು. “ಒಳಗೆ ನೋಡಿ, ಅಮ್ಮ ಹೊಲಿದಿರೋದು ಕಾಣತ್ತೆ! ಅವಳು ಕೆಲಸ ಕೇಳಕ್ಕೆ ಬಂದಿದ್ದು. ಇದನ್ನ ಹಾಕ್ಕೋ ಅಂತ ನಾನೇ ಹೇಳಿದ್ದು. ಬೇಕಾದ್ರೆ ನನ್ನ ಹಿಡ್ಕೊಳ್ಳಿ!” ಮುಂದೆ ಹೇಳಲು ಅಳು ಬಿಡಲಿಲ್ಲ.

ಮೇಡಂ ಬಗ್ಗಿ ಶರ್ಟಿನ ಅಂಚನ್ನು ತಿರುಗಿಸಿದರು. ಬಿಳಿ ದಾರದ ದೊಡ್ಡ ದೊಡ್ಡ ಹೊಲಿಗೆಗಳು. ಜೇಬನ್ನು ನೋಡಿದರು. ಅಂಗಡಿಯ ಹೆಸರಿರಲಿಲ್ಲ. ಗುಂಡಿಗಳು ಕಂದು ಬಣ್ಣದವು. ಮೇಡಂ ತಾವು ಹಾಕಿಕೊಂಡಿದ್ದ ಶರ್ಟಿನ ಕಪ್ಪು ಗುಂಡಿಯನ್ನು ಒಮ್ಮೆ ಮುಟ್ಟಿಕೊಂಡರು. ಆಮೇಲೆ ಪೆಟ್ಟಿಗೆಯೊಂದರ ಮೇಲೆ ಧಪ್ಪೆಂದು ಕೂತುಬಿಟ್ಟರು.

“ಇದು ನಮ್ಮ ಶರ್ಟೇ ಅಲ್ವಲ್ಲ,” ಎಂದರು. ಅವರ ಮುಖ ಬಿಳಿಚಿಕೊಂಡಿತ್ತು. “ಬಣ್ಣ ನೋಡಿ ಒಳಗೆ ಕಳಿಸಿಬಿಟ್ಟೆ. ಇವಳ ಮುಖಾನೇ ನೋಡಲಿಲ್ಲ ನಾನು.”

ಕಾವಲುಗಾರರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಬಗ್ಗಿ ಬಾಚಣಿಗೆ ಎತ್ತಿಕೊಟ್ಟರು.

“ಅಲ್ಲಮ್ಮ, ನಿನಗೆ ಬಾಯಿಲ್ವಾ? ‘ನಾನು ಇಲ್ಲಿಯವಳಲ್ಲ’ ಅಂತ ಒಂದು ಮಾತು ಹೇಳ್ಬಾರ್ದಾ?” ಮೇಡಂ ಎದ್ದು ನಿಂತರು. “ಹೋಗು ಈಗ. ಕೆಲಸ ಬೇಕಿದ್ರೆ ನಾಳೆ ಅಂಗಡಿ ತೆಗೆದ ತಕ್ಷಣ ಬಾ. ನಿನ್ನ ಬಟ್ಟೇಲಿ ಬಾ. ಬಂದು ನೀನೇ ಕೇಳು. ಈ ಪುಟಾಣಿ ಲಾಯರ್ ಕೇಳೋದಲ್ಲ.”

ಇಬ್ಬರೂ ಮನೆಯ ದಾರಿ ಹಿಡಿದರು. ಬಟಾಣಿ ಅಕ್ಕನ ಬೆರಳು ಹಿಡಿದುಕೊಂಡೇ ನಡೆದಳು.

“ಸಾರಿ ಅಕ್ಕಾ.”

“ನಿನ್ನ ಐಡಿಯಾ ಸರಿಯಾಗೇ ಕೆಲಸ ಮಾಡ್ತಲ್ಲೇ,” ಎಂದಳು ಅಕ್ಕ. “ಜಾಸ್ತಿ ಮಾತಾಡೋದೇ ಬೇಡ ಅಂದೆ. ನಾನು ಒಂದು ಮಾತೂ ಆಡಲಿಲ್ಲ.” ಅವಳು ನಕ್ಕಳೋ ಅತ್ತಳೋ ಬಟಾಣಿಗೆ ತಿಳಿಯಲಿಲ್ಲ.

“ನಾಳೆ ಹೋಗ್ತೀಯಾ?”

ಅಕ್ಕ ನಡಿಗೆ ಜೋರು ಮಾಡಿದಳು.

ಬೆಳಿಗ್ಗೆ ಬಟಾಣಿಗೆ ಎಚ್ಚರವಾದಾಗ ಅಕ್ಕ ತಿಳಿನೀಲಿ ಟಾಪಿಗೆ ಇಸ್ತ್ರಿ ಹಾಕುತ್ತಿದ್ದಳು. ಬಟಾಣಿಯ ನಾಲಿಗೆ ತುದಿಗೆ ಏನೇನೋ ಬಂತು. ಬಿಳಿ ಕ್ಲಿಪ್ ಹಾಕ್ಕೋ, ಅಮ್ಮನ ವಾಚ್ ಕಟ್ಕೋ, ಹೀಗೆ ನಿಂತ್ಕೋ, ಹಾಗೆ ನಗು… ಎಲ್ಲವನ್ನೂ ನುಂಗಿಕೊಂಡಳು. ಹೊರಡುವಾಗ ಹಿಂದೆ ಮಡಚಿದ್ದ ಕಾಲರನ್ನು ಸರಿಮಾಡಿದಳು, ಅಷ್ಟೇ.

ಅಂಗಡಿ ಶಾಲೆಯ ದಾರಿಯಲ್ಲೇ ಇತ್ತು. “ನೀನು ಹೊರಗೇ ಇರು,” ಎಂದು ಅಕ್ಕ ಒಳಗೆ ಹೋದಳು.

ಬಟಾಣಿ ಗಾಜಿಗೆ ಮೂಗು ಒತ್ತಿ ನಿಂತಳು. ಬಾಣಲೆ ಹಿಡಿದ ಒಬ್ಬರು ಅಕ್ಕನ ಪಕ್ಕದಲ್ಲೇ ಹಾದುಹೋಗಿ ಹಸಿರು ಶರ್ಟಿನ ಒಬ್ಬಳನ್ನು ಏನೋ ಕೇಳಿದರು. ಇವತ್ತು ಅಕ್ಕನನ್ನು ಯಾರೂ ಏನೂ ಕೇಳಲಿಲ್ಲ. ಅವಳು ಕೌಂಟರಿನ ಮುಂದೆ ಒಬ್ಬಳೇ ನಿಂತಿದ್ದಳು.

ಮೇಡಂ ಬಂದರು. ಅಕ್ಕ ಬಾಯಿ ತೆರೆದಳು. ಮುಚ್ಚಿದಳು.

ಬಟಾಣಿ ಗಾಜನ್ನು ಬಡಿಯಲು ಕೈ ಎತ್ತಿದಳು. ಎತ್ತಿದ ಕೈಯನ್ನು ನಿಧಾನಕ್ಕೆ ಇಳಿಸಿ ಜೇಬಿನಲ್ಲಿ ಇಟ್ಟುಕೊಂಡಳು.

ಒಳಗೆ ಅಕ್ಕನ ಬಾಯಿ ಮತ್ತೆ ತೆರೆಯಿತು. ಈ ಸಲ ತುಟಿಗಳು ಅಲ್ಲಾಡಿದವು. ಅಲ್ಲಾಡುತ್ತಲೇ ಇದ್ದವು. ಮೇಡಂ ಕಿವಿ ಹತ್ತಿರ ತಂದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಅಕ್ಕನ ಮುಖವನ್ನೇ ನೋಡುತ್ತ ಕೇಳಿಸಿಕೊಂಡರು.

ಸ್ವಲ್ಪ ಹೊತ್ತಿನ ಮೇಲೆ ಅವರು ಕೌಂಟರಿನ ಕೆಳಗಿನಿಂದ ಮಡಚಿದ ಹಸಿರು ಶರ್ಟೊಂದನ್ನು ತೆಗೆದು, ಕೊಡವಿ, ಅಕ್ಕನ ಭುಜಕ್ಕೆ ಹಿಡಿದು ನೋಡಿದರು. ಅದರ ತೋಳು ಅಕ್ಕನ ಬೆರಳಿನ ತುದಿಯನ್ನೂ ದಾಟಿತ್ತು. ಅಕ್ಕ ಏನೋ ಹೇಳಿದಳು. ಮೇಡಂ ಕೀಗೊಂಚಲು ಕುಣಿಯುವಷ್ಟು ಜೋರಾಗಿ ನಕ್ಕರು.

ಏನು ಹೇಳಿದಳೆಂದು ಬಟಾಣಿಗೆ ಕೇಳಿಸಲಿಲ್ಲ. ಕೇಳಿಸದಿದ್ದರೂ ಪರವಾಗಿಲ್ಲ ಅನ್ನಿಸಿತು. ಗಾಜಿನ ಮೇಲೆ ಉಳಿದಿದ್ದ ತನ್ನ ಮೂಗಿನ ಗುರುತನ್ನು ತೋಳಿನಿಂದ ಒರೆಸಿ, ಅವಳು ಶಾಲೆಯ ಕಡೆ ನಡೆದಳು.