ಏಳು ಸಾವಿರ ಕಿಲೋಮೀಟರಿನ ಸುಳ್ಳು

ದಿಕ್ಸೂಚಿ ಕಳುವಾದದ್ದು ಗೊತ್ತಾದ ದಿನ ನಾನೂ ನನ್ನ ತಂಗಿಯೂ ಆ ಮನೆಯಲ್ಲೇ ಇದ್ದೆವು. ತೀರಿಹೋದ ಪೈಲಟರೊಬ್ಬರ ಮನೆ ಅದು. ಅವರ ಬೆಳ್ಳಿಯ ದಿಕ್ಸೂಚಿಯನ್ನು ಆ ಬೆಳಿಗ್ಗೆ ವಿಮಾನ ಶಾಲೆಗೆ ಒಪ್ಪಿಸಬೇಕೆಂದು ಅವರ ಹೆಂಡತಿ ನಮ್ಮನ್ನು ಕರೆದಿದ್ದರು. ತಂಗಿ ಆ ಪೈಲಟರ ವಿಮಾನದಲ್ಲೇ ಬಹುಕಾಲ ಗಗನಸಖಿಯಾಗಿದ್ದು, ಆಮೇಲೆ ಪತ್ತೇದಾರಿಕೆಗೆ ಇಳಿದವಳು.

ಗಾಜಿನ ಕಪಾಟು ತೆರೆದರೆ—ಖಾಲಿ!

ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ಮನೆಯೊಡತಿಯನ್ನು ನೋಡಿಕೊಳ್ಳುವ ದಾದಿಯ ಬಳಿ.

“ನಡೀಯಮ್ಮ ಠಾಣೆಗೆ,” ಎಂದರು, ಫೋನ್ ಮಾಡಿ ಕರೆಸಿದ್ದ ಇನ್ಸ್‌ಪೆಕ್ಟರು.

“ದೇವರಾಣೆ ನಾನಲ್ಲ ಸಾರ್! ಅಮ್ಮಾವ್ರೇ, ನೀವಾದರೂ ಹೇಳಿ!”



“ಇನ್ನೊಂದು ಕೀಲಿ ಇಲ್ಲವೇ?” ತಂಗಿ ಒಡತಿಯನ್ನು ಕೇಳಿದಳು.

“ನನ್ನ ಮೈದುನನ ಹತ್ತಿರ ಇದೆ. ಅವನು ಪಾಪ, ಈಗತಾನೇ ವಿಮಾನ ಇಳಿದು ಬಂದ.”

ಮೈದುನ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕುರ್ಚಿಯಲ್ಲಿ ಕುಸಿದಿದ್ದ. ಅವನ ಕೆಲಸ ದೂರದ ಪಶ್ಚಿಮದ ನಗರವೊಂದರಲ್ಲಿ.

“ಪ್ರಯಾಣ ಹೇಗಿತ್ತು?” ಎಂದಳು ತಂಗಿ.

“ಏನು ಕೇಳ್ತೀರಿ! ಏಳು ಸಾವಿರ ಕಿಲೋಮೀಟರ್. ಒಂಬತ್ತೂವರೆ ಗಂಟೆ ಕೂತು ಸೊಂಟ ಬಿದ್ದುಹೋಯ್ತು.”

“ಇಲ್ಲಿಂದ ಅಲ್ಲಿಗೆ ಹೋಗುವಾಗ?”

“ಆಗಲೂ ಅಷ್ಟೇ. ದಾರಿ ಅದೇ ಅಲ್ವೇನ್ರೀ?”

“ನಿದ್ದೆಯಾದರೂ ಬಂತೇ?”

“ಎಲ್ಲಿ ಬರುತ್ತೆ? ನಿನ್ನೆ ಸಂಜೆ ಹೊರಟದ್ದು, ಊಟದ ತಟ್ಟೆ ಎತ್ತಿದರೂ ಆ ಸೂರ್ಯ ಮುಳುಗಲೊಲ್ಲ! ಮುಖದ ಮೇಲೇ ಬಿಸಿಲು.”

ಇನ್ಸ್‌ಪೆಕ್ಟರು ಗೊಣಗಿದರು: “ಕಳ್ಳನನ್ನು ಹುಡುಕ್ತೀರೋ, ಹವಾಮಾನ ವರದಿ ಬರೀತೀರೋ?”

“ಎರಡೂ ಒಂದೇ ಕಡೆ ಸಿಕ್ಕಿತು ಸಾರ್. ಇವರ ನಿನ್ನೆಯ ಬೋರ್ಡಿಂಗ್ ಪಾಸ್ ಕೇಳಿ.”

“ಎ—ಎಸೆದುಬಿಟ್ಟೆ.”

ಇನ್ಸ್‌ಪೆಕ್ಟರು ವಿಮಾನ ಕಂಪನಿಗೆ ಫೋನ್ ಮಾಡಿದರು. ನಿನ್ನೆಯ ವಿಮಾನವನ್ನು ಆತ ಹತ್ತಿಯೇ ಇರಲಿಲ್ಲ. ಮೊನ್ನೆಯೇ ಊರಿಗೆ ಬಂದಿದ್ದ! ಚೀಲ ಬಿಚ್ಚಿದರೆ, ಕಾಲುಚೀಲದೊಳಗೆ ದಿಕ್ಸೂಚಿ.

“ನಿಮಗೆ ಹೇಗಮ್ಮ ಹೊಳೀತು?”

“ಪಶ್ಚಿಮಕ್ಕೆ ಹೋಗುವಾಗ ನಾವು ಸೂರ್ಯನ ಬೆನ್ನು ಹತ್ತಿರುತ್ತೇವೆ, ಸಂಜೆ ಮುಗಿಯುವುದೇ ಇಲ್ಲ. ಪೂರ್ವಕ್ಕೆ ಬರುವಾಗ ಕತ್ತಲೆಯೇ ಎದುರು ಬರುತ್ತದೆ, ನೋಡನೋಡುತ್ತ ರಾತ್ರಿ. ಎತ್ತರದಲ್ಲಿ ಗಾಳಿಯೂ ಹಿಂದಿನಿಂದ ನೂಕಿ ಎಂಟೇ ಗಂಟೆಗೆ ತಂದು ಇಳಿಸುತ್ತದೆ. ದೂರ ಒಂದೇ, ಹೊತ್ತು ಬೇರೆ. ಇವರು ಹಿಂದೆ ಯಾವಾಗಲೋ ಹೋದ ಪ್ರಯಾಣವನ್ನು ನಿನ್ನೆ ಬಂದದ್ದೆಂದು ಒಪ್ಪಿಸಿಬಿಟ್ಟರು.”

“ಎಲ್ಲ ಹೆಸರೂ ಅಣ್ಣನಿಗೇ ಹೋಯಿತು, ಅತ್ತಿಗೆ. ಇದೊಂದಾದರೂ ನನಗಿರಲಿ ಅಂತ...”

“ಬಾಯಿಬಿಟ್ಟು ಕೇಳಿದ್ದರೆ ಕೊಡುತ್ತಿದ್ದೆನಲ್ಲೋ,” ಎಂದು ಒಡತಿ ಕಣ್ಣೊರೆಸಿಕೊಂಡರು.

ದಾದಿ ತಂಗಿಯ ಕಾಲಿಗೆ ಬಗ್ಗಿದಳು. ತಂಗಿ ಹಿಡಿದೆತ್ತಿ, “ನನಗಲ್ಲ, ಸೂರ್ಯನಿಗೆ ಕೈ ಮುಗಿ,” ಎಂದಳು.

“ನನ್ನ ತಂಗಿ ಕಣ್ರೀ!” ಎಂದು ಇನ್ಸ್‌ಪೆಕ್ಟರಿಗೆ ಎರಡೆರಡು ಸಲ ಹೇಳಿದೆ. ಇಂದೂ ಎದೆಯುಬ್ಬಿಸಿಯೇ ಹೇಳುತ್ತೇನೆ, ಕೇಳಿ ನಗಲು ಅವಳಿಲ್ಲದಿದ್ದರೂ. ಅವಳು ಹೋಗಿ ಒಂದು ತಿಂಗಳಾಯಿತು. ಈ ಸಲ ಅವಳು ಹೊರಟ ದೂರವನ್ನು ನಾನರಿಯೆ. ಭಗವಂತಾ, ಆ ದಾರಿಯುದ್ದಕ್ಕೂ ಗಾಳಿ ಅವಳ ಬೆನ್ನ ಹಿಂದೆಯೇ ಇರಲಿ. ಅವಳ ಆತ್ಮಕ್ಕೆ ಶಾಂತಿ ಕೊಡು.