ಅಸಲಿ ಹಕ್ಕಿ

ಕೊಚ್ಚಿಯ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ, ನಲವತ್ತು ಜನರ ಎದುರಿಗೆ ರಾಧಾಕೃಷ್ಣ ಕೇಳಿದ್ದು ಒಂದೇ ಪ್ರಶ್ನೆ.

"ಇದರಲ್ಲಿ ಐದು ಸಾವಿರ ಆಟ ಉಂಟು ಅಂತೀರಿ. ನೀವು ದುಡ್ಡು ಕೊಟ್ಟು ತೆಗೊಂಡದ್ದು ಎಷ್ಟು, ಮಾರಾಯ್ರೆ?"

ಅನಂತ ತಿರುವನಂತಪುರದಿಂದ ಆ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ಬಂದಿದ್ದ. ತಾನೇ ಜೋಡಿಸಿದ ಪೆಟ್ಟಿಗೆ. ಟಿವಿಗೆ ಸಿಕ್ಕಿಸಿದರೆ ಸಾಕು, ಮೂವತ್ತು ವರ್ಷ ಹಿಂದಿನ ವಿಡಿಯೋ ಗೇಮ್‌ಗಳೆಲ್ಲ ಹೊಸದರಂತೆ ಓಡುತ್ತಿದ್ದವು. ಎಲ್ಲವೂ ಇಂಟರ್ನೆಟ್ಟಿನಿಂದ ಇಳಿಸಿಕೊಂಡವು, ಎಲ್ಲವೂ ಬಿಟ್ಟಿ. ಸಂಘದ ಮಕ್ಕಳು ಮುತ್ತಿಕೊಂಡಿದ್ದರು. ಆ ಪ್ರಶ್ನೆ ಬಿದ್ದಾಗ ಯಾರೋ ನಕ್ಕರು, ಅನಂತನೂ ನಕ್ಕ. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಹನ್ನೊಂದು ವರ್ಷದ ಮಗಳು ಮಹತಿ ಪಕ್ಕದಲ್ಲೇ ನಿಂತಿದ್ದಳು. ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಮಲಯಾಳದಲ್ಲಿ ಉತ್ತರ ಕೊಡುವ ಹುಡುಗಿ. ಅಪ್ಪನ ಅಂಗಿ ಹಿಡಿದು ಮೆಲ್ಲಗೆ ಕೇಳಿದಳು: "ಅಪ್ಪಾ, ಅದು ಮೋಷಣಮಾಣೋ?" ಅದು ಕಳ್ಳತನವಾ?

ಅದಕ್ಕೆ ಅವನ ಬಳಿ ಉತ್ತರವಿತ್ತು. ವಾಪಸ್ಸು ಹೋಗುವ ರೈಲಿನಲ್ಲಿ ವಿವರವಾಗಿ ಹೇಳಿದ. ಆ ಆಟಗಳನ್ನು ಮಾಡಿದ ಎಷ್ಟೋ ಕಂಪನಿಗಳು ಬಾಗಿಲು ಹಾಕಿವೆ. ಯಾವ ಅಂಗಡಿಯಲ್ಲೂ ಅವು ಸಿಗುವುದಿಲ್ಲ. ದುಡ್ಡು ಕೊಡುತ್ತೇನೆಂದರೂ ಯಾರಿಗೆ ಕೊಡುವುದು? ನಕಲು ಮಾಡಿದರೆ ಅಸಲಿನಿಂದ ಏನು ಕಡಿಮೆಯಾಗುತ್ತದೆ? ಮಹತಿ ಎಲ್ಲ ಕೇಳಿಸಿಕೊಂಡು ಕಿಟಕಿಯಾಚೆ ನೋಡುತ್ತ ಕೂತಳು. ಆಮೇಲಿಂದ ಅವಳು ಆ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಶನಿವಾರ ಬಂತೆಂದರೆ ತ್ರಿಪ್ಪುಣಿತ್ತುರದ ಮಾಮನ ಮನೆಗೆ ಹೋಗೋಣ ಎಂದು ಹಟ ಹಿಡಿಯುತ್ತಿದ್ದಳು. ಮಾಮ ಎಂದರೆ ರಾಧಾಕೃಷ್ಣ. ಇದು ಅನಂತನಿಗೆ ಸಹಿಸಲಾಗದ ಹೊಟ್ಟೆಕಿಚ್ಚಾಗಿತ್ತು, ಅದನ್ನು ಅವನು ತನ್ನೊಳಗೇ ಬೇರೆ ಬೇರೆ ಹೆಸರಿನಿಂದ ಕರೆದುಕೊಳ್ಳುತ್ತಿದ್ದ.

ರಾಧಾಕೃಷ್ಣ ಕಾಸರಗೋಡಿನವರು. ಹೈಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಮೇಲೆ, ಕೊಚ್ಚಿ ಮೆಟ್ರೋ ಮುಗಿಯುವಲ್ಲಿಂದ ಹತ್ತು ನಿಮಿಷ ನಡೆದರೆ ಸಿಗುವ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಏಳು ಹಳೆಯ ಯಂತ್ರಗಳನ್ನಿಟ್ಟುಕೊಂಡು ಆಟದ ಮನೆ ನಡೆಸುತ್ತಿದ್ದರು. ಎಲ್ಲ ಅಸಲಿ ಯಂತ್ರ, ಅದಕ್ಕೆ ಸಿಕ್ಕಿಸುವ, ಆಟ ತುಂಬಿದ ಪ್ಲಾಸ್ಟಿಕ್ ಡಬ್ಬಿಯೂ ಅಸಲಿ ಕ್ಯಾಟ್ರಿಡ್ಜ್. ಇಳಿಸಿಕೊಂಡದ್ದು ಒಂದೂ ಇಲ್ಲ ಎಂದು ಬಾಗಿಲಲ್ಲೇ ಬೋರ್ಡು. ಅವರ ಪ್ರಾಣವೆಂದರೆ ಐದನೇ ಯಂತ್ರದಲ್ಲಿದ್ದ ಕ್ಯಾಟ್ರಿಡ್ಜ್. ಬಂದರಿನ ಮೇಲೆ ಹಾರುತ್ತ ಮೀನು ಹಿಡಿಯುವ ಹಕ್ಕಿಯ ಆಟ. ತೊಂಬತ್ತಾರರಲ್ಲಿ ಕೊಚ್ಚಿಗೆ ಬಂದ ಹಡಗಿನ ಜಪಾನಿ ನಾವಿಕನಿಂದ ಒಂದು ತಿಂಗಳ ಸಂಬಳ ಕೊಟ್ಟು ಕೊಂಡದ್ದಂತೆ. ಜಪಾನಿನಲ್ಲೂ ಕೆಲವೇ ನೂರು ಮಾರಾಟವಾಗಿದ್ದವಂತೆ. ಅನಂತ ಕಳಿಸಿದ ಅದರ ಫೋಟೋ ನೋಡಿದ ಪ್ರಮೋದ್, ಅವನ ಕಾಲೇಜಿನ ಗೆಳೆಯ, ದುಬೈಯಲ್ಲಿ ಇಂಥವನ್ನೇ ಕೂಡಿಡುವವನು, ಆರು ಲಕ್ಷ ಕೊಡುತ್ತೇನೆ, ಎಲ್ಲಿಂದ ಬಂತು ಎಂದು ಕೇಳುವುದಿಲ್ಲ ಎಂದು ಬರೆದಿದ್ದ.

ಆರು ಲಕ್ಷ ದೊಡ್ಡದೇ. ಆದರೆ ಅನಂತನನ್ನು ಎದ್ದು ಕೂರಿಸಿದ್ದು ಬೇರೆ. ಹಕ್ಕಿಯ ಆಟ ಇಂಟರ್ನೆಟ್ಟಿನಲ್ಲೂ ಇತ್ತು, ಒಂದೇ ನಿಮಿಷದಲ್ಲಿ ಇಳಿಯಿತು. ಆ ಕಡತವನ್ನೇ ಒಂದು ಹಳೆಯ ಕ್ಯಾಟ್ರಿಡ್ಜಿನೊಳಗೆ ತುಂಬಿ ಐದನೇ ಯಂತ್ರದಲ್ಲಿ ಇಟ್ಟುಬಿಟ್ಟರೆ? ರಾಧಾಕೃಷ್ಣ ಬದುಕಿರುವವರೆಗೂ ಇಳಿಸಿಕೊಂಡ ಆಟಕ್ಕೇ ಬಟ್ಟೆಯಲ್ಲಿ ಧೂಳು ಒರೆಸುತ್ತಾರೆ, ಅದನ್ನೇ ಅಸಲು ಎಂದು ಊರಿಗೆಲ್ಲ ತೋರಿಸುತ್ತಾರೆ. ವ್ಯತ್ಯಾಸ ತಿಳಿಯದಿದ್ದರೆ ವ್ಯತ್ಯಾಸ ಇಲ್ಲವೆಂದೇ ಅರ್ಥ. ವಾದದಲ್ಲಿ ಗೆದ್ದದ್ದು ಅವನೊಬ್ಬನಿಗೇ ಗೊತ್ತಿರುತ್ತದೆ, ಅಷ್ಟು ಸಾಕಿತ್ತು.

ಅವನು ಆತುರಪಡಲಿಲ್ಲ. ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿ ತಂತ್ರಜ್ಞ. ಒಂದು ಸ್ಕ್ರೂ ಹಾಕುವ ಮುಂಚೆ ಮೂರು ಸಲ ಅಳೆಯುವುದೇ ಅವನ ಉದ್ಯೋಗ. ಪೊಲೀಸ್ ಕೇಸಾದರೆ ಮೊದಲು ಅಮಾನತು, ಆಮೇಲೆ ಕೆಲಸ ಕಳೆದುಕೊಂಡು ಮನೆ, ಎಂಬುದೂ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದೇ ಕಂಪನಿಯ ಅಗ್ಗದ ಕ್ಯಾಟ್ರಿಡ್ಜ್ ಒಂದನ್ನು ತರಿಸಿ ಅದರ ಕವಚ ತೆಗೆದುಕೊಂಡ. ಲೇಬಲ್ಲನ್ನು ಆಲುವದಲ್ಲಿ ಎಣ್ಣೆ ಬಾಟಲಿಗಳ ಚೀಟಿ ಮುದ್ರಿಸುವ ಪ್ರೆಸ್ಸಿನಲ್ಲಿ ಮಾಡಿಸಿದ. ತಿರುವನಂತಪುರದ ಪಟ್ಟಂನಲ್ಲಿದ್ದ ತನ್ನ ಫ್ಲಾಟಿನ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಮೇಲೆ ಕವಚವನ್ನು ಮೂರು ವಾರ ಬಿಸಿಲಿಗಿಟ್ಟ. ಬಿಳಿ ಪ್ಲಾಸ್ಟಿಕ್ ಬೇಕಾದಷ್ಟೇ ಹಳದಿಯಾಯಿತು. ಎಡಮೂಲೆಯಲ್ಲಿ ಅಸಲಿಗೆ ಒಂದು ಕಚ್ಚು ಇತ್ತು, ಅದನ್ನೂ ಫೋಟೋ ನೋಡಿ ಕೆತ್ತಿದ. ಕಡತವನ್ನು ಒಳಗಿನ ಮೆಮೊರಿ ಚಿಪ್‌ಗೆ ಬರೆದು ಎರಡೆರಡು ಸಲ ತಾಳೆ ನೋಡಿದ. ಒಂದಕ್ಷರವೂ ಬೇರೆಯಿರಲಿಲ್ಲ.

ಒಂದು ವಿಷಯದಲ್ಲಂತೂ ಅವನಿಗೆ ತನ್ನ ಬಗ್ಗೆ ಹೆಮ್ಮೆಯೇ ಆಯಿತು. ಇಂಥ ಹಳೆಯ ಕ್ಯಾಟ್ರಿಡ್ಜುಗಳಲ್ಲಿ ಆಡಿದವರ ಹೆಸರು, ಅಂಕ ಉಳಿಯಲು ಒಳಗೊಂದು ಪುಟ್ಟ ಬ್ಯಾಟರಿ ಇರುತ್ತದೆ. ತಾನೂ ಬ್ಯಾಟರಿ ಹಾಕಿದರೆ ಐದಾರು ವರ್ಷಕ್ಕೆ ಅದು ಮುಗಿದೀತು. ರಿಪೇರಿಗೆಂದು ಯಾರಾದರೂ ಬಿಚ್ಚಿದರೆ ಗುಟ್ಟು ಬಯಲು. ಅದಕ್ಕೆ ಬ್ಯಾಟರಿಯೇ ಬೇಡದ ಹೊಸ ಬಗೆಯ ಚಿಪ್ ಹಾಕಿದ. ಕರೆಂಟು ಇರಲಿ ಬಿಡಲಿ, ಬರೆದದ್ದು ನೂರು ವರ್ಷ ಅಳಿಯುವುದಿಲ್ಲ. ಪರೀಕ್ಷೆಗೆಂದು ತಾನು ಆಡಿದ ಅಂಕಗಳನ್ನು ಒರೆಸಿ ಪಟ್ಟಿ ಖಾಲಿ ಮಾಡಿದ.

ಪಟ್ಟಿ ಖಾಲಿ ಇರಬೇಕಾದ್ದೂ ಸರಿಯೇ. ರಾಧಾಕೃಷ್ಣರದ್ದು ಕೋರ್ಟಿನ ಬುದ್ಧಿ. ಬೆಳಗ್ಗೆ ಹತ್ತಕ್ಕೆ ಯಂತ್ರ ಹಾಕುತ್ತಾರೆ, ಒಂದಕ್ಕೆ ಊಟಕ್ಕೆಂದು ಆರಿಸುತ್ತಾರೆ, ಎರಡಕ್ಕೆ ಮತ್ತೆ ಹಾಕುತ್ತಾರೆ. ಪ್ರತಿ ಸಲವೂ ಪಟ್ಟಿ ಖಾಲಿಯಿಂದ ಶುರು. ಯಾರು, ಎಷ್ಟು ಗಂಟೆಗೆ, ಎಷ್ಟು ಅಂಕ ಎಂದು ಉದ್ದನೆಯ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾರೆ. ಯಂತ್ರವೇ ನೆನಪಿಟ್ಟುಕೊಳ್ಳುವಾಗ ಅದನ್ನು ಅಳಿಸಿ ಪುಸ್ತಕದಲ್ಲಿ ಬರೆಯುವ ಹುಚ್ಚು ಗುಮಾಸ್ತನಿಗಲ್ಲದೆ ಇನ್ನಾರಿಗೆ ಬಂದೀತು ಎಂದು ಅನಂತ ಮನಸ್ಸಿನಲ್ಲೇ ನಗುತ್ತಿದ್ದ. ಅವನ ಕಂಪ್ಯೂಟರಿನಲ್ಲಿ ಹದಿನೈದು ವರ್ಷದ ಹಿಂದೆ ಅರ್ಧಕ್ಕೆ ಬಿಟ್ಟ ಆಟವೂ ಬಿಟ್ಟಲ್ಲೇ ಕಾದಿರುತ್ತಿತ್ತು.

ಇನ್ನು ಸಿಕ್ಕಿಬೀಳುವ ಮಾತು. ಹತ್ತು ವರ್ಷದ ಮೇಲೆ ಯಾರೋ ಕ್ಯಾಟ್ರಿಡ್ಜ್ ಬಿಚ್ಚಿ ನಕಲಿ ಎಂದರೂ, ಬದಲಾದದ್ದು ಯಾವತ್ತು ಎಂದು ಹೇಳುವವರಾರು? ನೂರಾರು ಜನ ಬಂದು ಹೋಗುವ ಕೋಣೆ. ದಿನ ಗೊತ್ತಿಲ್ಲದ ಕಳ್ಳತನಕ್ಕೆ ಕಳ್ಳನಿಲ್ಲ. ಅವನ ಇಡೀ ಯೋಜನೆ ನಿಂತದ್ದು ಇದೊಂದರ ಮೇಲೆ.

ಶನಿವಾರ ಅವನು ಮಹತಿಯನ್ನೂ ಕರೆದುಕೊಂಡು ಹೋದ. ಮಗಳ ಕೈ ಹಿಡಿದು ಬಂದ ಅಪ್ಪನನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಒಂದಕ್ಕೆ ಹತ್ತು ನಿಮಿಷವಿದ್ದಾಗ ಐದನೇ ಯಂತ್ರದಲ್ಲಿ ಶ್ರಾವ್ಯ ಎಂಬ ಕಾಲೇಜು ಹುಡುಗಿ ಅರವತ್ತೊಂದು ಸಾವಿರ ಮಾಡಿ ಎದ್ದಳು. ರಾಧಾಕೃಷ್ಣ ಕನ್ನಡಕ ಏರಿಸಿ ಬರೆದುಕೊಂಡರು, ಎಲ್ಲರನ್ನೂ ಕಳಿಸಿದರು, ಯಂತ್ರಗಳನ್ನು ಒಂದೊಂದಾಗಿ ಆರಿಸಿದರು. ಪಟ್ಟಿ ಅಳಿಸಿದರೋ ಇಲ್ಲವೋ ಅನಂತ ನೋಡಲಿಲ್ಲ. ಅವನ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು.

"ನೀವು ಊಟಕ್ಕೆ ಹೋಗಿ ಸಾರ್. ಎರಡನೇದರ ವೈರು ಲೂಸಾಗಿದೆ, ಹತ್ತು ನಿಮಿಷದಲ್ಲಿ ಸರಿ ಮಾಡಿ ಬಂದುಬಿಡ್ತೀನಿ" ಎಂದ.

"ನಿಮಗೆ ಯಾಕೆ ತೊಂದರೆ? ಬಡಿಸಿ ಆಯ್ತು ಮಾರಾಯ್ರೆ."

"ಮಹತಿ ತಿಂತಾ ಇರಲಿ, ನಾನು ಬಂದೆ."

ರಾಧಾಕೃಷ್ಣ ಬೀದಿಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಮಹತಿಯ ಹೆಗಲ ಮೇಲೆ ಕೈಯಿಟ್ಟು ಹಿತ್ತಲ ಕಡೆಯ ಊಟದ ಮನೆಗೆ ನಡೆದರು. ಕೋಣೆಯಲ್ಲಿ ಅನಂತನೊಬ್ಬನೇ ಉಳಿದ. ಫ್ಯಾನು ಕಿರ್ರೆನ್ನುತ್ತಿತ್ತು. ಅವನು ಎರಡನೇ ಯಂತ್ರದ ಹಿಂಬದಿ ಬಿಚ್ಚಿಟ್ಟು ಐದನೆಯದರ ಹತ್ತಿರ ಹೋದ. ಕ್ಯಾಟ್ರಿಡ್ಜ್ ಹಿಡಿದೆಳೆದ. ಬರಲಿಲ್ಲ. ವರ್ಷಗಟ್ಟಲೆ ತೆಗೆಯದೆ ಕಚ್ಚಿಕೊಂಡುಬಿಟ್ಟಿತ್ತು. ಇಪ್ಪತ್ತು ಸೆಕೆಂಡಿನ ಕೆಲಸ ಎಂದು ಲೆಕ್ಕ ಹಾಕಿದ್ದವನಿಗೆ ಒಂದು ನಿಮಿಷ ದಾಟಿದಾಗ ಅಂಗೈ ಬೆವರಿ ಜಾರತೊಡಗಿತು. ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ಎಳೆದಾಗ ಟಕ್ಕನೆ ಕೈಗೆ ಬಂತು. ಅದೇ ಹೊತ್ತಿಗೆ ಒಳಗಿನಿಂದ ಚಪ್ಪಲಿಯ ಸದ್ದು.

ಅಸಲನ್ನು ಅಂಗಿಯೊಳಗೆ ತುರುಕಿದ. ನಕಲನ್ನು ಒತ್ತಿದ. ಕೂತಿತೋ ಇಲ್ಲವೋ ನೋಡಲು ಪುರಸೊತ್ತಿರಲಿಲ್ಲ. ರಾಧಾಕೃಷ್ಣರ ಹೆಂಡತಿ ವಿನೋದಾ ಬಾಗಿಲಿಗೆ ಬರುವಾಗ ಅವನು ಎರಡನೇ ಯಂತ್ರದ ಮುಂದೆ ಮಂಡಿಯೂರಿದ್ದ.

"ಸಂಭಾರ ತಂದೆ. ಸೆಕೆಗೆ ಎಷ್ಟು ಬೆವರಿದ್ದೀರಿ ನೀವು" ಎಂದು ಮಜ್ಜಿಗೆಯ ಲೋಟ ಕೊಟ್ಟರು. ಅವನು ಒಂದೇ ಗುಟುಕಿಗೆ ಕುಡಿದ. ಹೊಟ್ಟೆಗೆ ತಾಗಿದ್ದ ಪ್ಲಾಸ್ಟಿಕ್ಕಿನ ಮೂಲೆ ಚುಚ್ಚುತ್ತಿತ್ತು. ಆಕೆ ಲೋಟ ತೆಗೆದುಕೊಂಡು ಹೋದ ಮೇಲೆ ಕ್ಯಾಟ್ರಿಡ್ಜನ್ನು ಬ್ಯಾಗಿನ ತಳಕ್ಕಿಳಿಸಿ, ಎರಡನೆಯದರ ವೈರನ್ನು ನಿಜವಾಗಿಯೂ ಸರಿ ಮಾಡಿ, ಕೈ ತೊಳೆದು ಊಟಕ್ಕೆ ಕೂತ. ಮಜ್ಜಿಗೆಹುಳಿಯನ್ನು ಎರಡು ಸಲ ಹಾಕಿಸಿಕೊಂಡ.

ಎರಡು ಗಂಟೆಗೆ ರಾಧಾಕೃಷ್ಣ ಯಂತ್ರಗಳನ್ನು ಹಾಕುತ್ತ ಬಂದರು. ನಾಲ್ಕು. ಐದು. ಪರದೆ ಒಂದು ಕ್ಷಣ ಕಪ್ಪಗೇ ಇತ್ತು. ಆಮೇಲೆ ಸಂಗೀತ ಬಂತು, ಹಕ್ಕಿ ಬಂತು. ಪಟ್ಟಿ ಖಾಲಿ, ಎಂದಿನ ಹಾಗೆ. ಮಹತಿಯೇ ಮೊದಲು ಕೂತಳು. ನಾಲಿಗೆಯನ್ನು ತುಟಿಗೆ ಒತ್ತಿಕೊಂಡು ಆಡಿದಳು. ನಲವತ್ತೆಂಟು ಸಾವಿರದ ಇನ್ನೂರು. ಪಟ್ಟಿಯ ತುದಿಯಲ್ಲಿ ಒಂದೊಂದೇ ಅಕ್ಷರ ಆರಿಸಿ ತನ್ನ ಹೆಸರು ಕೂರಿಸಿದಳು.

"ಚಂದ ಆಡಿದಿ ಮಗಳೇ" ಎಂದು ರಾಧಾಕೃಷ್ಣ ರಿಜಿಸ್ಟರಿನಲ್ಲಿ ಬರೆದರು. ಆಮೇಲೆ ಜೇಬಿನಿಂದ ಬಟ್ಟೆ ತೆಗೆದು ಐದನೇ ಯಂತ್ರದ ಧೂಳನ್ನು ಮೆತ್ತಗೆ ಒರೆಸಿದರು. ಅನಂತನಿಗೆ ಜೋರಾಗಿ ನಗಬೇಕೆನಿಸಿತು. ಅಷ್ಟು ಸುಖ ಅವನಿಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ಸಂಜೆಯ ರೈಲಿನಲ್ಲಿ ಮಹತಿ ಅವನ ತೋಳಿಗೊರಗಿ ನಿದ್ದೆಹೋದಳು. ನಲವತ್ತೆಂಟು ಸಾವಿರದ ಸುದ್ದಿಯನ್ನು ಅಷ್ಟರಲ್ಲಿ ಮೂರು ಸಲ ಹೇಳಿದ್ದಳು, ಮೂರು ಸಲವೂ ಅಪ್ಪನ ಮುಖ ನೋಡಿಯೇ ಹೇಳಿದ್ದಳು. ಹಳೆಯ ಮಗಳು ವಾಪಸ್ಸು ಬಂದಂತಿತ್ತು. ಮುಂದಿನ ಶನಿವಾರವೂ ಹೋಗೋಣ ಎಂದು ಮಾತು ಕೊಟ್ಟ.

ಭಾನುವಾರ ಬೆಳಗ್ಗೆ ಆರಕ್ಕೆ, ರಜೆ ಮುಗಿಸಿ ದುಬೈಗೆ ಮರಳುತ್ತಿದ್ದ ಪ್ರಮೋದ್ ವಿಮಾನ ನಿಲ್ದಾಣದ ದಾರಿಯಲ್ಲಿ ಪಟ್ಟಂನಲ್ಲಿ ಕಾರು ನಿಲ್ಲಿಸಿದ. ಕ್ಯಾಟ್ರಿಡ್ಜನ್ನು ತಿರುಗಿಸಿ, ಮೂಸಿ, ಟವೆಲ್ಲಿನಲ್ಲಿ ಸುತ್ತಿಕೊಂಡ. ಒಂಬತ್ತೂ ಕಾಲಿಗೆ, ವಿಮಾನ ಹೊರಡುತ್ತಿದೆ ಎಂದು ಅವನ ಮೆಸೇಜು ಬಂತು. ಅನಂತ ಅದನ್ನು ಅಳಿಸಿ, ಇಸ್ತ್ರಿ ಪೆಟ್ಟಿಗೆ ಬಿಸಿಗಿಟ್ಟು, ಸೋಮವಾರದ ಅಂಗಿಗಳನ್ನು ತೆಗೆದುಕೊಂಡ.

ಹತ್ತೂ ಹತ್ತಕ್ಕೆ ರಾಧಾಕೃಷ್ಣರ ಫೋನು. ಕೈಯಲ್ಲಿ ಇಸ್ತ್ರಿ ಪೆಟ್ಟಿಗೆಯಿದ್ದ ಕಾರಣ ಅನಂತ ಸ್ಪೀಕರಿಗೆ ಹಾಕಿದ. ಮಾಮನ ದನಿ ಕೇಳಿ ಮಹತಿ ಮಾಮಾ ಎನ್ನುತ್ತ ಓಡಿ ಬಂದಳು.

"ಮಗಳೇ, ಈಗಷ್ಟೆ ಸ್ವಿಚ್ ಹಾಕಿದೆ. ನಿನ್ನ ಹೆಸರು ಹಾಗೇ ಉಂಟು, ನಲವತ್ತೆಂಟು ಸಾವಿರ."

"ಮಾಮ ಮಾಯ್ಚಿಲ್ಲೇ?" ನೀವು ಅಳಿಸಲಿಲ್ಲವಾ ಎಂದು ಮಹತಿ ಕೇಳಿದಳು. ಖುಷಿಗೆ ಅವಳ ಮುಖ ಅರಳಿತ್ತು.

"ನಾನು ಯಾವತ್ತೂ ಅಳಿಸಿದವನಲ್ಲ ಮಗಳೇ. ಅದರ ಬ್ಯಾಟರಿ ಸತ್ತು ಹನ್ನೊಂದು ವರ್ಷ ಆಯ್ತು. ಹೊಸದು ಹಾಕ್ಬೇಕಾದ್ರೆ ಬಿಚ್ಚಬೇಕು, ಬಿಚ್ಚಿದ್ರೆ ಅಸಲಾಗಿ ಉಳಿಯುವುದಿಲ್ಲ ಅಂತ ಹಾಗೇ ಬಿಟ್ಟೆ. ಸ್ವಿಚ್ ತೆಗೆದ್ರೆ ಎಲ್ಲ ಮರೀತದೆ ಅದು. ಅದಕ್ಕೇ ನಾನು ಪುಸ್ತಕದಲ್ಲಿ ಬರೆಯುವುದು." ಆ ಕಡೆ ಹಾಳೆ ಮಗುಚಿದ ಸದ್ದಾಯಿತು. ದನಿಯಲ್ಲಿ ಸಿಟ್ಟಿರಲಿಲ್ಲ, ಕೋರ್ಟಿನಲ್ಲಿ ದಾಖಲೆ ಓದುವವರ ಸಮಾಧಾನವಿತ್ತು. "ಅನಂತರೇ, ನಿನ್ನೆ ಒಂದಕ್ಕೆ ಹತ್ತು ನಿಮಿಷ ಇರುವಾಗ ಆಡಿದ ಶ್ರಾವ್ಯನ ಹೆಸರು ಯಂತ್ರದಲ್ಲಿ ಇಲ್ಲ. ಎರಡು ಗಂಟೆಗೆ ಆಡಿದ ಮಹತಿಯದ್ದು ಉಂಟು. ನಡುವೆ ಇದ್ದದ್ದು ಊಟದ ಹೊತ್ತು ಒಂದೇ." ಅಂಗಿ ಸುಟ್ಟ ವಾಸನೆ ಬರುತ್ತಿತ್ತು. ಅನಂತ ಇಸ್ತ್ರಿ ಪೆಟ್ಟಿಗೆ ಎತ್ತಲಿಲ್ಲ. ಮಹತಿ ಫೋನು ಬಿಟ್ಟು ಅವನನ್ನೇ ನೋಡುತ್ತ, ಕೈ ಚಾಚಿ ಇಸ್ತ್ರಿಯ ಸ್ವಿಚ್ ಆರಿಸಿದಳು.